ಯಜಮಾನಿಕೆ ಬದಲಾದಾಗ ಹಳೆಯ ತಂಗುದಾಣಕ್ಕೆ ಏನಾಗುತ್ತದೆ?

ಚಾಮುಂಡಿ ಬೆಟ್ಟದ ಮೇಲೆ ನಿಂತು ಮೈಸೂರನ್ನು ನೋಡುವವರಿಗೆ ಊರಿನ ಪೂರ್ವದ ಅಂಚಿನಲ್ಲಿ ಬೆಳ್ಳಗೆ ಎದ್ದು ಕಾಣುವ ಕಟ್ಟಡ ಲಲಿತಮಹಲ್. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅದಕ್ಕೆ ಅಡಿಗಲ್ಲು ಇರಿಸಿದರು. ವೈಸರಾಯರೂ ಅವರ ಅಂತಸ್ತಿನ ಅತಿಥಿಗಳೂ ಬಂದಾಗ ಇಳಿದುಕೊಳ್ಳಲೆಂದೇ ಕಟ್ಟಿಸಿದ ಬಿಡಾರವದು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲನ್ನು ನೆನಪಿಗೆ ತರುವ ಗುಮ್ಮಟ, ಜೋಡಿಕಂಬಗಳ ಮುಂಭಾಗ, ಇಟಲಿಯ ಅಮೃತಶಿಲೆಯ ಮೆಟ್ಟಿಲು, ನರ್ತನಕ್ಕೆಂದು ಬಿಟ್ಟ ದೊಡ್ಡ ಅಂಕಣ ಎಲ್ಲವೂ ಆ ಉದ್ದೇಶಕ್ಕೆ ತಕ್ಕಂತೆಯೇ ಇವೆ. 1974ರಲ್ಲಿ ಅದು ಹೋಟೆಲಾಯಿತು, ಕೇಂದ್ರ ಸರಕಾರದ ಉದ್ಯಮವೊಂದು ನಡೆಸತೊಡಗಿತು. 2017ರಲ್ಲಿ ಅದನ್ನು ರಾಜ್ಯಕ್ಕೆ ಮರಳಿಸುವ ತೀರ್ಮಾನವನ್ನು ಕೇಂದ್ರ ಸಚಿವ ಸಂಪುಟ ಕೈಗೊಂಡಿತು. ಬಳಿಕ ನಿರ್ವಹಣೆ ರಾಜ್ಯದ್ದೇ ಸಂಸ್ಥೆಯೊಂದಕ್ಕೆ ಬಂತು. ಅರಮನೆ, ದೆಹಲಿ, ಬೆಂಗಳೂರು ಹೀಗೆ ನೂರು ವರ್ಷದೊಳಗೆ ಬಾಗಿಲ ಬೀಗದ ಕೈ ಮೂರು ಕಡೆ ತಿರುಗಿದೆ.

ಇಂಥ ಜಾಗದಲ್ಲಿ ಒಮ್ಮೆ ತಂಗಿದ್ದವರು ವರ್ಷಗಳ ಮೇಲೆ ಮರಳಿ ಬರುತ್ತಾರೆ. ಮದುವೆಯಾದ ಹೊಸತರಲ್ಲಿ ಬಂದವರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ; ದಸರೆಗೆ ತಪ್ಪದೆ ಬರುತ್ತಿದ್ದ ಮನೆತನದ ಮುಂದಿನ ತಲೆಮಾರು ಅದೇ ಕೋಣೆ ಕೇಳುತ್ತದೆ. ಆಡಳಿತ ಬದಲಾಗಿದೆಯೆಂದು ಗೊತ್ತಾದೊಡನೆ ಅವರೆಲ್ಲ ಕೇಳುವುದು ಒಂದೇ: ಮೊದಲಿನ ಹಾಗೆಯೇ ಇದೆಯೇ? ಇದನ್ನು ಹಳಬರ ಹಳಹಳಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಪ್ರಶ್ನೆಯ ಹಿಂದೆ ಸಾರ್ವಜನಿಕ ಭೂಮಿಯಿದೆ, ತೆರಿಗೆಯ ಹಣವಿದೆ, ನೂರಾರು ಜನರ ಕೆಲಸವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಪರಸ್ಥಳದವರನ್ನು ಬರಮಾಡಿಕೊಳ್ಳುವುದು ಹೇಗೆಂಬ ಬಗ್ಗೆ ಒಂದು ಊರು ತಲೆಮಾರುಗಳಿಂದ ಕಲಿತ ವಿದ್ಯೆಯಿದೆ. ಆದ್ದರಿಂದ ಅದನ್ನು ಗಂಭೀರವಾಗಿಯೇ ಪರಿಶೀಲಿಸಬೇಕಾಗಿದೆ.

ಛತ್ರದ ಶಾಸನ ಬರೆದಿಟ್ಟದ್ದು

ನಮ್ಮ ಸೀಮೆಯಲ್ಲಿ ತಂಗುದಾಣದ ಚರಿತ್ರೆ ಹೋಟೆಲಿನಿಂದ ಆರಂಭವಾಗುವುದಿಲ್ಲ, ಛತ್ರದಿಂದ ಆರಂಭವಾಗುತ್ತದೆ. ದಾರಿಹೋಕರಿಗೆ ನೆರಳು, ನೀರು, ಅನ್ನ ಕೊಡುವುದು ಪುಣ್ಯದ ಕೆಲಸವೆನಿಸಿತ್ತು. ಅರವಟ್ಟಿಗೆ, ಅನ್ನಛತ್ರ, ಧರ್ಮಶಾಲೆಗಳನ್ನು ಅರಸರೂ ವರ್ತಕರೂ ಕಟ್ಟಿಸಿದರು. ಇವುಗಳಿಗೆ ಬಿಟ್ಟ ದತ್ತಿಯ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಗೋಚರಿಸುತ್ತದೆ. ದಾನಿ ಜಮೀನಿನ ಗಡಿಯನ್ನಷ್ಟೇ ಬರೆಸಿ ಸುಮ್ಮನಾಗುತ್ತಿರಲಿಲ್ಲ. ದಿನಕ್ಕೆ ಎಷ್ಟು ಜನರಿಗೆ ಊಟ, ಅದಕ್ಕೆ ಅಕ್ಕಿ ಎಷ್ಟು, ಉಪ್ಪು-ಎಣ್ಣೆ-ಸೌದೆಗೆ ಏನು, ಅಡುಗೆಯವರಿಗೂ ನೀರು ಹೊರುವವರಿಗೂ ಏನು ಕೊಡಬೇಕು ಎಂಬುದನ್ನೂ ಎಷ್ಟೋ ಕಡೆ ಕಲ್ಲಿನ ಮೇಲೆ, ತಾಮ್ರಪಟದ ಮೇಲೆ ಕೊರೆಸಿದ್ದಾರೆ. ಜಮೀನು ಯಾರ ಕೈಗೆ ಹೋದರೂ ಅದರ ಜೊತೆಗೆ ಕರ್ತವ್ಯವೂ ಹೋಗಬೇಕೆಂಬ ಎಚ್ಚರ ಅದು. ದಾನವನ್ನು ಕೊಟ್ಟವನಿಗಿಂತ ಕಾಪಾಡಿದವನಿಗೆ ಹೆಚ್ಚು ಪುಣ್ಯವೆಂದು ಶಾಸನದ ಕೊನೆಗೆ ಸೇರಿಸುತ್ತಿದ್ದುದೂ ಮುಂದಿನ ಯಜಮಾನನನ್ನು ಮನಸ್ಸಿನಲ್ಲಿಟ್ಟುಕೊಂಡೇ.

ರೈಲು ಬಂದ ಮೇಲೆ ಛತ್ರಗಳು ನಿಲ್ದಾಣದ ಎದುರಿಗೆ ಬಂದವು. ಬೆಂಗಳೂರಿನ ರೈಲು ನಿಲ್ದಾಣದ ಮುಂದಿನ ಗುಬ್ಬಿ ತೋಟದಪ್ಪ ಛತ್ರ 1903ರಿಂದ ಬಡ ಪ್ರಯಾಣಿಕರಿಗೆ ಆಸರೆಯಾಗಿದೆ. ಆ ಹೊತ್ತಿಗಾಗಲೇ ಇಂಗ್ಲಿಷರ ಆಡಳಿತ ತನ್ನದೇ ಬಂಗಲೆಗಳ ಸಾಲನ್ನು ರಸ್ತೆಯುದ್ದಕ್ಕೂ ಹಬ್ಬಿಸಿತ್ತು. ಒಂದು ದಿನದ ಪಯಣಕ್ಕೆ ಒಂದರಂತೆ ಎದ್ದ ಈ ಡಾಕ್ ಬಂಗಲೆಗಳೂ ಮುಸಾಫಿರಖಾನೆಗಳೂ ಮುಂದೆ ಐ.ಬಿ., ಟಿ.ಬಿ.ಗಳಾದವು, ಇಂದು ಅವುಗಳ ಫಲಕದ ಮೇಲೆ ಪ್ರವಾಸಿ ಮಂದಿರವೆಂದು ಬರೆದಿದೆ. ಎತ್ತರದ ಚಾವಣಿ, ಸುತ್ತ ಜಗಲಿ, ಹಿಂದೆ ಬೇರೆಯಾಗಿ ಅಡುಗೆಮನೆ, ಎಲ್ಲದಕ್ಕೂ ಒಬ್ಬ ಮೇಟಿ. ಬರುವ ಅಧಿಕಾರಿ ಬದಲಾಗುತ್ತಿದ್ದ, ಮೇಟಿ ಬದಲಾಗುತ್ತಿರಲಿಲ್ಲ. ಬಾವಿಯ ನೀರು ಯಾವ ತಿಂಗಳು ಕಲಕುತ್ತದೆ, ಯಾವ ಕೋಣೆ ಮಳೆಗೆ ಸೋರುತ್ತದೆ ಎಂಬ ತಿಳಿವಳಿಕೆ ಅವನ ತಲೆಯಲ್ಲಿತ್ತು, ಕಡತದಲ್ಲಿ ಇರಲಿಲ್ಲ.

ಹಣ ಕೊಟ್ಟು ತಂಗುವ ದೊಡ್ಡ ಹೋಟೆಲು ಮೂರನೆಯ ಧಾರೆ. ಬೆಂಗಳೂರಿನ ವೆಸ್ಟ್ ಎಂಡ್ 1887ರಲ್ಲಿ ಕೆಲವೇ ಕೋಣೆಗಳ ವಸತಿಗೃಹವಾಗಿ ಮೊದಲಾಗಿ, ಹಲವು ಕೈ ದಾಟಿ ಇಂದಿನ ರೂಪಕ್ಕೆ ಬಂದಿದೆ. ಮೈಸೂರಿನ ಮೆಟ್ರೋಪೋಲ್ ಅರಮನೆಯ ಇಂಗ್ಲಿಷ್ ಅತಿಥಿಗಳಿಗೆಂದು 1920ರ ಸುಮಾರಿಗೆ ಎದ್ದ ಬಂಗಲೆ. ಸ್ವಾತಂತ್ರ್ಯದ ಬಳಿಕ ಸಂಸ್ಥಾನಗಳು ವಿಲೀನವಾದಾಗ ಅರಮನೆಗಳನ್ನೇ ಹೋಟೆಲಾಗಿಸುವ ದಾರಿಯನ್ನು ರಾಜಸ್ಥಾನ ತೋರಿಸಿತು. ಜೈಪುರದ ರಾಮಬಾಗ್ 1957ರಲ್ಲಿ, ಉದಯಪುರದ ಸರೋವರದ ನಡುವಿನ ಅರಮನೆ 1963ರಲ್ಲಿ ಹೋಟೆಲುಗಳಾದವು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ರಾಜಧನವನ್ನು ರದ್ದುಮಾಡಿದ ಮೇಲೆ ಇದು ಹಲವು ಮನೆತನಗಳಿಗೆ ಅನಿವಾರ್ಯವಾಯಿತು.

ಕೈ ಬದಲಾಗುವುದು ಏತಕ್ಕೆ

ಹಳೆಯ ತಂಗುದಾಣವೊಂದು ಮಾರಾಟಕ್ಕೋ ಗುತ್ತಿಗೆಗೋ ಬರುವ ಹಿಂದೆ ಸಾಮಾನ್ಯವಾಗಿ ಯಾರ ದುರಾಸೆಯೂ ಇರುವುದಿಲ್ಲ, ಲೆಕ್ಕವಿರುತ್ತದೆ. ಕಾಫಿ ಸೀಮೆಯ ಬಂಗಲೆಯಾಗಲಿ, ಕರಾವಳಿಯ ಹಳೆಯ ವಸತಿಗೃಹವಾಗಲಿ, ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ಪಾಲುದಾರರು ಹೆಚ್ಚಿರುತ್ತಾರೆ. ನಡೆಸುವವನು ಒಬ್ಬ, ಪಾಲು ಕೇಳುವವರು ಹತ್ತು. ಅವರಲ್ಲಿ ಕೆಲವರು ಬೇರೆ ದೇಶದಲ್ಲಿರುತ್ತಾರೆ. ಹೆಂಚು ಹೊದೆಸುವ ಖರ್ಚಿಗೆ ಅವರೆಲ್ಲರ ಒಪ್ಪಿಗೆ ಬೇಕು. ಜಾಗ ಮಾರುವ ಮಾತು ಬಂದಾಗ ಒಪ್ಪಿಗೆ ತಾನಾಗಿ ಕೂಡಿಬರುತ್ತದೆ. ಊರು ಬೆಳೆದು ಕಟ್ಟಡಕ್ಕಿಂತ ನೆಲದ ಬೆಲೆ ಹೆಚ್ಚಾದಾಗ ಹಳೆಯ ತೋಟ ಆದಾಯ ತಾರದ ಖಾಲಿ ನಿವೇಶನದಂತೆ ಕಾಣತೊಡಗುತ್ತದೆ.

ಗಾರೆಯಲ್ಲಿ ಕಟ್ಟಿದ ಮನೆಗೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಆರೈಕೆ ಬೇಕು. ಮಳೆಗಾಲಕ್ಕೆ ಮುಂಚೆ ತಾರಸಿಯ ಬಿರುಕು ಮುಚ್ಚಬೇಕು, ದೋಣಿಯಲ್ಲಿ ಬಿದ್ದ ಎಲೆ ತೆಗೆಯಬೇಕು, ಗೋಡೆಯ ಸಂದಿನಲ್ಲಿ ಚಿಗುರಿದ ಅರಳಿಗಿಡವನ್ನು ಬೇರುಸಹಿತ ಕೀಳಬೇಕು. ಹತ್ತು ವರ್ಷ ಬಿಟ್ಟು ಒಮ್ಮೆಲೆ ಮಾಡುತ್ತೇನೆಂದರೆ ಖರ್ಚು ಹತ್ತು ಪಟ್ಟಲ್ಲ, ಅದಕ್ಕೂ ಮೀರುತ್ತದೆ. ಆದಾಯವಾದರೋ ವರ್ಷವಿಡೀ ಸಮನಾಗಿ ಬರುವುದಿಲ್ಲ. ಮೈಸೂರಿನಲ್ಲಿ ದಸರೆ, ಬೇಸಿಗೆ ರಜೆ, ವಾರಾಂತ್ಯಗಳಲ್ಲಿ ಕೋಣೆ ಸಿಗದು. ಉಳಿದ ದಿನಗಳಲ್ಲಿ ಅದೇ ಕೋಣೆಗಳು ಖಾಲಿ.

ಸರಕಾರಿ ಒಡೆತನದ ಕಥೆಗೆ ಬೇರೆ ತಿರುವಿದೆ. 1960ರ ದಶಕದಲ್ಲಿ ವಿದೇಶಿ ಪ್ರವಾಸಿಗರಿಗೆ ಯೋಗ್ಯ ಹೋಟೆಲುಗಳು ದೇಶದಲ್ಲಿ ಕಡಿಮೆಯಿದ್ದುದರಿಂದ ಕೇಂದ್ರವೇ ಆ ಉದ್ಯಮಕ್ಕೆ ಇಳಿಯಿತು. ಖಾಸಗಿಯವರು ಹೋಗದ ಊರುಗಳಿಗೂ ಹೋಯಿತು. 1991ರ ಬಳಿಕ, ಹೋಟೆಲು ನಡೆಸುವುದು ಸರಕಾರದ ಕೆಲಸವೇ ಎಂಬ ಪ್ರಶ್ನೆ ಎದ್ದು, 2001-02ರ ಸುಮಾರಿಗೆ ಹಲವು ಹೋಟೆಲುಗಳು ಮಾರಾಟವಾದವು; ಹಾಸನದ್ದೂ ಅವುಗಳಲ್ಲೊಂದು. ಆ ಸರಣಿಯ ಒಂದು ಪ್ರಕರಣ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಉದಯಪುರದ ಫತೇಸಾಗರದ ದಂಡೆಯ ಲಕ್ಷ್ಮೀವಿಲಾಸವೂ ಲಲಿತಮಹಲ್ಲಿನಂತೆ ಅರಸರ ಅತಿಥಿಗೃಹವಾಗಿದ್ದದ್ದು. ಅದು 2002ರಲ್ಲಿ ಸುಮಾರು 7.5 ಕೋಟಿ ರೂಪಾಯಿಗೆ ಮಾರಾಟವಾಯಿತು. ಆಸ್ತಿಯ ನಿಜ ಬೆಲೆ 252 ಕೋಟಿಯಷ್ಟಿತ್ತೆಂಬ ಅಂದಾಜನ್ನು ಮುಂದಿಟ್ಟುಕೊಂಡು 2020ರಲ್ಲಿ ವಿಶೇಷ ನ್ಯಾಯಾಲಯವೊಂದು ಮೊಕದ್ದಮೆ ದಾಖಲಿಸಲು ಆದೇಶಿಸಿತು. ಉಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಯಾರು ಸರಿ ಎಂಬುದು ನ್ಯಾಯಾಲಯಕ್ಕೆ ಬಿಟ್ಟ ಮಾತು. ಆದರೆ ಎರಡು ಅಂಕಿಗಳ ನಡುವಿನ ಅಂತರವೇ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ: ಇಂಥ ಜಾಗಕ್ಕೆ ಬೆಲೆ ಕಟ್ಟುವ ಒಪ್ಪಿತ ಕ್ರಮವೇ ನಮ್ಮಲ್ಲಿಲ್ಲ. ನಡೆಯುತ್ತಿರುವ ಹೋಟೆಲಿನ ಲಾಭದ ಮೇಲೆ ಬೆಲೆ ಹಾಕಿದರೆ ಒಂದು ಮೊತ್ತ, ಕೆರೆಯ ದಂಡೆಯ ಎಕರೆಗಳ ಮೇಲೆ ಹಾಕಿದರೆ ಇನ್ನೊಂದು.

ಕಟ್ಟಡ ಉಳಿಯುತ್ತದೆ, ಉಳಿದದ್ದು?

ಪಾರಂಪರಿಕ ಹೋಟೆಲೆಂಬ ಮಾನ್ಯತೆಗೆ ಕೇಂದ್ರ ಪ್ರವಾಸೋದ್ಯಮ ಇಲಾಖೆ ನಿಯಮಗಳನ್ನು ರೂಪಿಸಿದೆ. ಮೊದಲ ದರ್ಜೆಗೆ ಕಟ್ಟಡ 1950ಕ್ಕೆ ಮುಂಚಿನದಾಗಿರಬೇಕು, ಮೇಲಿನ ಎರಡು ದರ್ಜೆಗಳಿಗೆ 1935ಕ್ಕೆ ಮುಂಚಿನದಾಗಿರಬೇಕು. ನೆಲದ ವಿಸ್ತೀರ್ಣದಲ್ಲಿ ಅರ್ಧದಷ್ಟಾದರೂ ಆ ಕಾಲದ್ದಾಗಿರಬೇಕು, ಮುಂಭಾಗದ ಸ್ವರೂಪ ಕೆಡಬಾರದು. ಇವು ಉಪಯುಕ್ತ ನಿಯಮಗಳು. ಇವಿಲ್ಲದಿದ್ದರೆ ಎಷ್ಟೋ ಹಳೆಯ ಮುಖಮಂಟಪಗಳು ಗಾಜಿನ ಗೋಡೆಗಳಾಗಿರುತ್ತಿದ್ದವು. ಆದರೆ ಮರಳಿ ಬಂದ ಅತಿಥಿ ಹುಡುಕುವುದರಲ್ಲಿ ಬಹುಪಾಲು ಈ ನಿಯಮಗಳ ಹೊರಗೇ ಇದೆ. ಮುಂಭಾಗ ಮೊದಲಿನಂತೆಯೇ ಇರುತ್ತದೆ. ಒಳಗೆ ಕಾಲಿಟ್ಟೊಡನೆ ಏನೋ ತಪ್ಪಿದೆಯೆನಿಸುತ್ತದೆ, ಏನೆಂದು ತಕ್ಷಣ ಹೇಳಲಾಗದು.

ಹತ್ತು ನಿಮಿಷ ಕಳೆದ ಮೇಲೆ ಒಂದೊಂದಾಗಿ ಗೊತ್ತಾಗುತ್ತದೆ. ಹದಿನೆಂಟಡಿ ಎತ್ತರದ ಕೋಣೆಗೆ ಕೃತಕ ಚಾವಣಿ ಹಾಕಿ ಏಸಿಯ ಕೊಳವೆಗಳನ್ನು ಮರೆಮಾಡಿದ್ದಾರೆ; ಬಿಸಿಗಾಳಿ ಮೇಲೇರಿ ಹೊರಹೋಗಲೆಂದು ಇದ್ದ ಗವಾಕ್ಷಿಗಳು ಮುಚ್ಚಿಹೋಗಿ, ಏಸಿಯಿಲ್ಲದೆ ಈಗ ಕೂರಲಾಗುವುದಿಲ್ಲ. ಸುಣ್ಣದ ಗೋಡೆಗೆ ಸಿಮೆಂಟು ಬಳಿದಿದ್ದಾರೆ. ಗಾರೆಗೆ ಪಸೆಯನ್ನು ಹೀರಿ ಮತ್ತೆ ಹೊರಗೆ ಬಿಡುವ ಗುಣವಿದೆ. ಸಿಮೆಂಟು ಪಸೆಯನ್ನು ಒಳಗೇ ಕಟ್ಟಿಹಾಕುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಉಬ್ಬಿ, ಲವಣ ಬೆಳ್ಳಗೆ ಹೊರಬಂದು, ಗೋಡೆ ಕೆಡುತ್ತದೆ. ರಿಪೇರಿಯೇ ರೋಗವಾಗುವ ಈ ಪರಿಯನ್ನು ಹಳೆಯ ಗಾರೆ ಕೆಲಸದವರು ಬಲ್ಲರು. ಟೆಂಡರಿನ ದರಪಟ್ಟಿಯಲ್ಲಿ ಅವರ ಕೆಲಸಕ್ಕೆ ಜಾಗವಿರುವುದು ಅಪರೂಪ.

ಬೀಟೆಯ ಕುರ್ಚಿಗಳು ಎಲ್ಲಿ ಹೋದವೆಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಹಸ್ತಾಂತರದ ದಿನ ಕಟ್ಟಡದ ಅಳತೆ ಬರೆದುಕೊಂಡಷ್ಟು ನಿಗಾದಿಂದ ಸಾಮಾನುಗಳ ಪಟ್ಟಿ ಬರೆಯುವ ರೂಢಿ ನಮ್ಮಲ್ಲಿ ಇಲ್ಲ. ಅಡುಗೆಯ ವಿಷಯದಲ್ಲಂತೂ ಪಟ್ಟಿಯ ಪ್ರಶ್ನೆಯೇ ಏಳುವುದಿಲ್ಲ. ಇಂಗ್ಲಿಷರ ಕಾಲದ ಕಟ್‌ಲೆಟ್ಟು, ಪುಡ್ಡಿಂಗುಗಳನ್ನೂ ಬೆಳಗಿನ ಇಡ್ಲಿ-ಕಾಫಿಯನ್ನೂ ಒಂದೇ ಒಲೆಯ ಮೇಲೆ ಮಾಡುತ್ತಿದ್ದ ಹಿರಿಯ ಅಡುಗೆಯವರು ಸ್ವಯಂನಿವೃತ್ತಿಯ ಪತ್ರಕ್ಕೆ ಸಹಿ ಹಾಕಿ ಹೋದರೆ ಅವರ ಕೈಯ ಹದವೂ ಹೋಯಿತು. ಹೊಸಬರು ಬರುತ್ತಾರೆ. ಅವರು ತರಬೇತಿ ಪಡೆದವರು, ಚುರುಕಾದವರು, ನಯವಾಗಿ ಮಾತಾಡುವವರು. ಆದರೆ ದೇಶದ ಎಲ್ಲ ಊರಿನಲ್ಲೂ ಒಂದೇ ತೆರನಾದ ನಾಷ್ಟಾ ಬಡಿಸುವುದನ್ನು ಕಲಿತವರು. ಗುಣಮಟ್ಟ ಏರಿರಬಹುದು, ಆ ಊರಿಗೇ ಸೇರಿದ್ದೆನಿಸುವ ರುಚಿ ಮಾತ್ರ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಏನನ್ನೂ ಮಾಡದೆ ಸುಮ್ಮನಿದ್ದರೆ ಆಗುವ ಅನಾಹುತವನ್ನೂ ಹೇಳಲೇಬೇಕು. ಮೈಸೂರಿನಲ್ಲೇ 1892ರ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಉರುಳಿತು. ಅವು ತಂಗುದಾಣಗಳಲ್ಲ, ಆದರೂ ಪಾಠ ಒಂದೇ. ಒಡೆಯನು ಒಬ್ಬ, ಬಳಸುವವರು ಇನ್ನೊಬ್ಬರು, ದುರಸ್ತಿ ಯಾರ ಹೊಣೆಯೆಂಬುದು ಇಬ್ಬರಿಗೂ ಖಚಿತವಿಲ್ಲ ಎಂದಾದಾಗ ಹಳೆಯ ಕಟ್ಟಡ ಜೀವ ತೆಗೆಯುವ ಮಟ್ಟಕ್ಕೂ ಹೋಗುತ್ತದೆ.

ಎರಡೂ ಕಡೆಯ ಮಾತು

ಖಾಸಗಿಯವರಿಗೆ ವಹಿಸಬೇಕೆನ್ನುವವರ ವಾದದಲ್ಲಿ ಹುರುಳಿದೆ. ಮೆಟ್ರೋಪೋಲ್ ಕೆಲವು ವರ್ಷ ಬಾಗಿಲು ಮುಚ್ಚಿಕೊಂಡು ನಿಂತಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಗುತ್ತಿಗೆ ಪಡೆದ ಖಾಸಗಿ ಸಂಸ್ಥೆ ಅದನ್ನು ದುರಸ್ತಿ ಮಾಡಿ ತೆರೆಯದಿದ್ದರೆ ಇಂದು ಅದರ ಜಗಲಿಯ ಮೇಲೆ ಯಾರೂ ಕುಳಿತಿರುತ್ತಿರಲಿಲ್ಲ. ಸರಕಾರದ ಹೋಟೆಲಿನಲ್ಲಿ ಕೆಟ್ಟ ನಲ್ಲಿಯೊಂದನ್ನು ಬದಲಿಸಲು ಕಡತ ಮೂರು ಮೇಜು ದಾಟಬೇಕು. ವರ್ಗಾವಣೆಯಾಗುವ ಅಧಿಕಾರಿಗೆ ಹತ್ತು ವರ್ಷ ಮುಂದಿನ ಚಾವಣಿಯ ಚಿಂತೆ ಇರಲು ಕಾರಣವಿಲ್ಲ. ಹಣ ಹೂಡಿದವನಿಗೆ ಆ ಚಿಂತೆ ಇರುತ್ತದೆ.

ಸಾರ್ವಜನಿಕ ಒಡೆತನವೇ ಇರಲೆನ್ನುವವರ ಮಾತೂ ಅಷ್ಟೇ ತೂಕದ್ದು. ಲಲಿತಮಹಲ್ ಅರಮನೆಯ ಕಾಲದಲ್ಲಿ ಈ ಸೀಮೆಯ ರೈತರು ಕೊಟ್ಟ ಕಂದಾಯದಿಂದ ಎದ್ದದ್ದು. ವೈಸರಾಯರಿಗಾಗಿ ಕಟ್ಟಿದ ಮನೆಯ ಊಟದ ಅಂಕಣದಲ್ಲಿ ಶಾಲಾ ಶಿಕ್ಷಕರೊಬ್ಬರು ಮನೆಯವರೊಡನೆ ಕುಳಿತು ಚಹಾ ಕುಡಿಯುವಂತಾದದ್ದು ಸಣ್ಣ ಸಂಗತಿಯಲ್ಲ. ಸರಕಾರಿ ಹೋಟೆಲಿನ ಲೋಪಗಳೇನೇ ಇರಲಿ, ಆ ಬಾಗಿಲನ್ನು ಅದು ತೆರೆದಿಟ್ಟಿತು. ಕೋಣೆಯ ಬಾಡಿಗೆ ಹಲವು ಪಟ್ಟು ಏರಿ, ಗೇಟಿನಲ್ಲಿ ಮುಂಗಡ ಕಾಯ್ದಿರಿಸಿದ ಚೀಟಿ ಕೇಳುವ ಪದ್ಧತಿ ಬಂದರೆ ಊರಿನವರು ತಮ್ಮದೇ ಪರಂಪರೆಯನ್ನು ರಸ್ತೆಯಿಂದ ನೋಡಬೇಕಾಗುತ್ತದೆ. ದೊಡ್ಡ ಮದುವೆಗಳಿಗೆ ಇಡೀ ಆವರಣ ಕೊಡುವ ವ್ಯವಹಾರ ಲಾಭದ್ದು, ನಿಜ. ಆದರೆ ಅದರ ಶಾಮಿಯಾನ, ಜನರೇಟರು, ಧ್ವನಿವರ್ಧಕಗಳ ಅದುರಾಟದ ಭಾರವನ್ನು ಹೊರುವುದು ನೂರು ವರ್ಷದ ಗಾರೆ.

ಮೂರನೆಯ ಕಡೆಯೊಂದಿದೆ, ಅದರ ಮಾತು ಸಾಮಾನ್ಯವಾಗಿ ಕೇಳಿಸುವುದಿಲ್ಲ: ಅಲ್ಲಿ ದುಡಿಯುವವರದ್ದು. ಹಸ್ತಾಂತರದ ಸುದ್ದಿ ಹಬ್ಬಿದ ದಿನದಿಂದ ಸಹಿಯಾಗುವ ದಿನದವರೆಗೆ ವರ್ಷಗಳೇ ಉರುಳುತ್ತವೆ. ಆ ಅವಧಿಯಲ್ಲಿ ಹೊಸ ನೇಮಕವಿಲ್ಲ, ಬಡ್ತಿಯಿಲ್ಲ, ಮುರಿದದ್ದಕ್ಕೆ ಬದಲಿಯಿಲ್ಲ. ಅತಿಥಿ ದೂರುವ ಬೇಸರದ ಮುಖದ ಹಿಂದೆ ನಾಳೆ ತನಗೆ ಸಂಬಳ ಕೊಡುವವರು ಯಾರೆಂದು ತಿಳಿಯದ ಮನುಷ್ಯನಿದ್ದಾನೆ. ಹಳೆಯ ತಂಗುದಾಣಗಳು ಕೆಡುವುದು ಹೊಸ ಯಜಮಾನ ಬಂದ ಮೇಲೆ ಎಂದು ನಾವು ಭಾವಿಸುತ್ತೇವೆ. ಹಲವು ಬಾರಿ ಹೆಚ್ಚಿನ ಹಾನಿ ಈ ನಡುವಿನ ಕಾಲದಲ್ಲೇ ಆಗಿರುತ್ತದೆ.

ಹೊರಗಿನ ಎರಡು ನಿದರ್ಶನ

ಲಂಡನ್ನಿನ ಸದರ್ಕ್‌ನಲ್ಲಿರುವ ‘ಜಾರ್ಜ್’ ಕುದುರೆಗಾಡಿಗಳ ಕಾಲದ ತಂಗುದಾಣ. 1676ರ ಬೆಂಕಿಯ ನಂತರ ಮತ್ತೆ ಕಟ್ಟಿದ್ದು. ಅಂಗಳದ ಸುತ್ತ ಮರದ ಮೊಗಸಾಲೆಗಳಿದ್ದ ಅಂಥ ತಂಗುದಾಣಗಳಲ್ಲಿ ಲಂಡನ್ನಿನಲ್ಲಿ ಉಳಿದಿರುವುದು ಇದೊಂದೇ. ರೈಲು ಕಂಪೆನಿಯ ವಶಕ್ಕೆ ಬಂದ ಮೇಲೆ ಗೋದಾಮಿಗಾಗಿ ಅದರ ಎರಡು ಪಾರ್ಶ್ವಗಳನ್ನು ಕೆಡವಲಾಯಿತು. ಉಳಿದ ಒಂದು ಪಾರ್ಶ್ವವನ್ನು 1937ರಲ್ಲಿ ಪರಂಪರೆಯ ರಕ್ಷಣೆಗೆಂದೇ ಇರುವ ಧರ್ಮದರ್ಶಿ ಸಂಸ್ಥೆಗೆ ಒಪ್ಪಿಸಲಾಯಿತು. ಅಂದಿನಿಂದ ಒಡೆತನ ಆ ಸಂಸ್ಥೆಯದು, ಒಳಗಿನ ವ್ಯಾಪಾರ ಗುತ್ತಿಗೆದಾರರದು. ನಡೆಸುವವರು ಬದಲಾಗಬಹುದು, ಮೊಗಸಾಲೆ ಕೆಡವುವ ಅಧಿಕಾರ ಅವರಲ್ಲಿ ಯಾರಿಗೂ ಇಲ್ಲ.

ಜಪಾನಿನ ಸಮಸ್ಯೆ ಇನ್ನೂ ವ್ಯಾಪಕ. ಅಲ್ಲಿ ರ‍್ಯೋಕಾನ್ ಎನ್ನುವ ಸಾಂಪ್ರದಾಯಿಕ ತಂಗುದಾಣಗಳು 1980ರ ಸುಮಾರಿಗೆ 80 ಸಾವಿರಕ್ಕೂ ಮಿಕ್ಕಿದ್ದವು. 2010ರ ದಶಕದ ಕೊನೆಗೆ 40 ಸಾವಿರಕ್ಕಿಂತ ಕಡಿಮೆಯಾದವು. ವಾರಸುದಾರರಿಲ್ಲದಿರುವುದು ಒಂದು ದೊಡ್ಡ ಕಾರಣ. ಯಾಮಾನಾಶಿ ಪ್ರಾಂತದ ಬೆಟ್ಟದ ಕಣಿವೆಯಲ್ಲಿ ಬಿಸಿನೀರಿನ ಊಟೆಯ ಪಕ್ಕದಲ್ಲಿ ಕ್ರಿ.ಶ. 705ರಿಂದ ನಡೆದುಬಂದ ಕೇಯುನ್‌ಕಾನ್ ಜಗತ್ತಿನ ಅತಿ ಹಳೆಯ ಹೋಟೆಲೆಂದು ದಾಖಲೆಯಾಗಿದೆ. ದತ್ತು ಸಂಬಂಧಗಳನ್ನೂ ಸೇರಿಸಿ 52 ತಲೆಮಾರು ಒಂದೇ ಮನೆತನ ಅದನ್ನು ನಡೆಸಿತು. ಮುಂದೆ ನಡೆಸುವವರು ಮನೆಯೊಳಗೆ ಸಿಗದೆ ಹೋದಾಗ, 2017ರಲ್ಲಿ ಅದು ಹೊರಗಿನ ಹಣವಂತನ ಪಾಲಾಗಲಿಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ದುಡಿದಿದ್ದ ನೌಕರರೊಬ್ಬರು ಹೊಣೆ ಹೊತ್ತರು. ರಕ್ತಸಂಬಂಧ ಮುಗಿಯಿತು, ಕೆಲಸದ ಸಂಬಂಧ ಮುಂದುವರಿಯಿತು. ಎರಡನೆಯದೇ ಅತಿಥಿಗೆ ಮುಖ್ಯವಾದದ್ದು.

ಕರಾರಿನಲ್ಲಿ ಇರಬೇಕಾದದ್ದು

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಯಜಮಾನ ಸರಕಾರವೋ ಖಾಸಗಿಯೋ ಎಂಬ ವಾದಕ್ಕೆ ನಾವು ಕೊಟ್ಟಿರುವ ಮಹತ್ವ ಅತಿಯಾಯಿತೆಂದು ತೋರುತ್ತದೆ. ಎರಡೂ ಬಗೆಯ ಒಡೆತನದಲ್ಲಿ ಚೆನ್ನಾಗಿ ಉಳಿದವೂ ಇವೆ, ಹಾಳಾದವೂ ಇವೆ. ವ್ಯತ್ಯಾಸ ಇರುವುದು ಕೈ ಬದಲಾಗುವಾಗ ಬರೆಯುವ ಪತ್ರದಲ್ಲಿ. ನಮ್ಮ ಗುತ್ತಿಗೆ ಕರಾರುಗಳು ಬಾಡಿಗೆ, ಠೇವಣಿ, ಅವಧಿ, ವ್ಯಾಜ್ಯದ ನ್ಯಾಯವ್ಯಾಪ್ತಿಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ಛತ್ರದ ದಾನಿ ಬರೆಸಿದ್ದಂತೆ ಒಲೆಯ ಬಗ್ಗೆ, ಅಡುಗೆಯವರ ಬಗ್ಗೆ, ಬಂದವರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಸಾರ್ವಜನಿಕರಿಗೆ ಸೇರಿದ ಐತಿಹಾಸಿಕ ತಂಗುದಾಣದ ನೆಲ ಮತ್ತು ಕಟ್ಟಡ ಸಾರ್ವಜನಿಕ ಒಡೆತನದಲ್ಲೇ ಉಳಿಯುವುದು ಮೇಲು. ಮಾರಿದ್ದು ಮರಳಿ ಬರುವುದಿಲ್ಲ. ನಿರ್ವಹಣೆಯನ್ನು ಬಲ್ಲವರಿಗೆ ವಹಿಸುವುದರಲ್ಲಿ ತಪ್ಪಿಲ್ಲ, ಆದರೆ ಅವಧಿ ದುರಸ್ತಿಯ ಖರ್ಚು ಹುಟ್ಟುವಷ್ಟು ದೀರ್ಘವಾಗಿರಲಿ. ಐದು ವರ್ಷದ ಗುತ್ತಿಗೆ ಪಡೆದವನಿಂದ ಐವತ್ತು ವರ್ಷ ಬಾಳುವ ತಾರಸಿಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ವರಮಾನದ ಒಂದು ಪಾಲು ಬೇರೆ ಖಾತೆಗೆ ಹೋಗಿ, ಗಾರೆ ಕೆಲಸ ಬಲ್ಲವರ ಕೈಯಲ್ಲಿ ಕಟ್ಟಡದ ಆರೈಕೆಗಷ್ಟೇ ಖರ್ಚಾಗಬೇಕು. ಹಸ್ತಾಂತರಕ್ಕೆ ಮುಂಚೆ ಕುರ್ಚಿ, ಮೇಜು, ಚಿತ್ರ, ದೀಪ, ಪಾತ್ರೆಗಳ ಪಟ್ಟಿಯನ್ನು ಛಾಯಾಚಿತ್ರ ಸಮೇತ ಸಿದ್ಧಪಡಿಸಿ ಎಲ್ಲರೂ ನೋಡುವಂತೆ ಇಡಬೇಕು. ಹಳೆಯ ಸಿಬ್ಬಂದಿಯಲ್ಲಿ ಉಳಿಯಲು ಇಚ್ಛಿಸುವವರು ಹೊಸಬರ ಜೊತೆ ಕೆಲವು ವರ್ಷವಾದರೂ ಕೆಲಸ ಮಾಡುವ ಏರ್ಪಾಡು ಬೇಕು, ಕೈಯಿಂದ ಕೈಗೆ ದಾಟಬೇಕಾದ ವಿದ್ಯೆಗೆ ಬೇರೆ ದಾರಿ ಇಲ್ಲ. ಜಗಲಿ, ತೋಟ, ಊಟದ ಅಂಕಣಗಳು ನಿಗದಿತ ವೇಳೆಯಲ್ಲಿ ಕೋಣೆ ಹಿಡಿಯದವರಿಗೂ ಕೈಗೆಟುಕುವ ದರದಲ್ಲಿ ತೆರೆದಿರಲಿ.

ಇದರಿಂದ ಗುತ್ತಿಗೆಯ ಮೊತ್ತ ಕಡಿಮೆಯಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಕಡಿಮೆಯಾಗುವುದು ನಿಜವೇ. ಬೊಕ್ಕಸಕ್ಕೆ ಆಗುವ ಆ ಕೊರತೆಯನ್ನು ಮುಚ್ಚಿಡದೆ, ಪರಂಪರೆಗೆ ರಾಜ್ಯ ಮಾಡುವ ವೆಚ್ಚವೆಂದು ಆಯವ್ಯಯದಲ್ಲೇ ತೋರಿಸಬಹುದು. ಪ್ರವಾಸಿ ಮಂದಿರಗಳನ್ನೂ ಹಳೆಯ ಅತಿಥಿಗೃಹಗಳನ್ನೂ ಯಾರಿಗೆ, ಯಾವ ಷರತ್ತಿನ ಮೇಲೆ ವಹಿಸಬೇಕೆಂಬ ಪ್ರಶ್ನೆ ಪ್ರತಿ ಜಿಲ್ಲೆಯಲ್ಲೂ ಒಂದಿಲ್ಲೊಂದು ರೂಪದಲ್ಲಿ ಬರುವುದಿದೆ. ಅಂಥ ಪ್ರತಿಯೊಂದು ಕರಾರಿನ ಕರಡನ್ನು ಸಹಿಗೆ ಮುಂಚೆ ಕನ್ನಡದಲ್ಲಿ ಪ್ರಕಟಿಸಿ, ಆ ಊರಿನವರ ಆಕ್ಷೇಪಣೆಗೆ ಎರಡು ತಿಂಗಳಾದರೂ ಕಾಲಾವಕಾಶ ಕೊಡುವುದು ಇಂದಿನಿಂದಲೇ ಸಾಧ್ಯವಿರುವ ಕೆಲಸ.